3,20,000 ಕಿ.ಮೀ. ಓಡಿದ ಲ್ಯಾಂಡ್ ಕ್ರೂಸರ್ 100: ಕೇಳುತ್ತಿರುವ ದುಡ್ಡು ಕೊಡಬಹುದಾ?

ಮಣ್ಣುದಾರಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಗಾಡಿ ತಲೆಯಲ್ಲಿ ಕೂತಿದೆ. ಒಬ್ಬನೇ ಯೋಚಿಸಿ ಸಾಕಾಯಿತು, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

2004ರ ಟೊಯೋಟಾ ಲ್ಯಾಂಡ್ ಕ್ರೂಸರ್ 100. 4.7 ಲೀಟರ್ ಪೆಟ್ರೋಲ್ ವಿ8, ಆಟೋಮ್ಯಾಟಿಕ್. ಮೀಟರ್ 3,20,000 ಕಿ.ಮೀ. ತೋರಿಸುತ್ತಿದೆ. ಮಾರುತ್ತಿರುವವರು ಮೂರನೇ ಓನರ್. ಎರಡು ಇಂಚು ಎತ್ತರಿಸಿದ್ದಾರೆ, 285/75 ಆರ್16 ಟೈರ್ ಹಾಕಿಸಿದ್ದಾರೆ. ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ), ಮೇಲೆ ದೊಡ್ಡ ಕ್ಯಾರಿಯರ್. ಬಣ್ಣ ಚೆನ್ನಾಗಿದೆ. ಸೀಟು ಅಷ್ಟೇನೂ ಸವೆದಿಲ್ಲ.

ಬೆಲೆ ಮಾತ್ರ ಜಾಸ್ತಿ. ಅದೇ ದುಡ್ಡಿಗೆ ವಾರಂಟಿ ಸಮೇತ ಹೊಸ ಸಣ್ಣ ಎಸ್‌ಯುವಿ ಬರುತ್ತದೆ. ಮನೆಯಲ್ಲೂ ಅದನ್ನೇ ಹೇಳುತ್ತಿದ್ದಾರೆ. ಆದರೆ ನನಗೆ ಬೇಕಿರುವುದು ಕಲ್ಲುದಾರಿ, ಹೊಳೆ ದಾಟುವ ದಾರಿ, ಕೆಸರು. ತಿಂಗಳಿಗೆ ಒಂದೆರಡು ಸಲ ಹೋಗುತ್ತೇನೆ. ದಿನದ ಓಡಾಟಕ್ಕೆ ಬೇರೆ ಕಾರು ಇದೆ.

ಇಪ್ಪತ್ತು ನಿಮಿಷ ಓಡಿಸಿ ನೋಡಿದೆ. ಮೆತ್ತಗೆ, ಸದ್ದಿಲ್ಲದೆ ಹೋಯಿತು. ಮನಸ್ಸು ಅಲ್ಲೇ ಸೋತಿದೆ. ಈ ಕಿಲೋಮೀಟರ್‌ಗೆ ಹೆದರಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಗೇರು

ಮಣ್ಣುದಾರಿ ಅವರೇ, ಇದೇ ಇಂಜಿನ್ ಇರುವ ಲ್ಯಾಂಡ್ ಕ್ರೂಸರ್ 100 ನನ್ನ ಹತ್ತಿರ ಹನ್ನೊಂದು ವರ್ಷದಿಂದ ಇದೆ. ನನ್ನದು ನಾಲ್ಕು ಲಕ್ಷ ದಾಟಿದೆ. ಹಾಗಾಗಿ ಕಿಲೋಮೀಟರ್ ನೋಡಿ ನಾನು ಹೆದರುವುದಿಲ್ಲ. ಟೊಯೋಟಾದವರು 2ಯುಜೆಡ್ ಅನ್ನುವ ಈ ಇಂಜಿನ್‌ನ ಬ್ಲಾಕ್ ಎರಕದ ಕಬ್ಬಿಣದ್ದು. ಆಯಿಲ್, ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಸರಿಯಾಗಿ ನೋಡಿಕೊಂಡರೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ.

ನನಗೆ ಹೆದರಿಕೆ ಆಗುವುದು ಇಂಜಿನ್ ಸುತ್ತ ಇರುವ ರಬ್ಬರು, ಪ್ಲಾಸ್ಟಿಕ್‌ಗೆ. ಇಪ್ಪತ್ತು ವರ್ಷದ ರಬ್ಬರು ಎಷ್ಟು ಓಡಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಿಂತಲ್ಲೇ ಹಾಳಾಗುತ್ತದೆ.

ಮೊದಲು ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ರಬ್ಬರ್ ಬೆಲ್ಟ್) ಬಗ್ಗೆ ಕೇಳಿ. ಸುಮಾರು 1,50,000 ಕಿ.ಮೀ.ಗೆ ಒಮ್ಮೆ ಬದಲಿಸಬೇಕು. ಅಂದರೆ ಈ ಗಾಡಿಗೆ ಎರಡು ಸಲ ಆಗಿರಬೇಕು. ಎರಡನೆಯದು ಈಚೆಗೆ, ಮೂರು ಲಕ್ಷದ ಆಸುಪಾಸಿನಲ್ಲಿ. "ಮಾಡಿಸಿದೀನಿ ಸಾರ್" ಅಂದರೆ ಸಾಲದು, ಬಿಲ್ ತೋರಿಸಲಿ. ಬಿಲ್ ಇಲ್ಲ ಅಂದರೆ ಬೆಲ್ಟ್ ಆಗಿಲ್ಲ ಅಂತಲೇ ಲೆಕ್ಕ. ಬೆಲ್ಟ್ ಜೊತೆ ವಾಟರ್ ಪಂಪ್, ಬೆಲ್ಟ್ ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ ಹಾಕಿಸಿರಬೇಕು. ಕೆಲಸ ಒಂದೇ, ಎರಡು ಸಲ ಬಿಚ್ಚುವುದು ದಂಡ.

ಆಮೇಲೆ ಇಂಜಿನ್ ಹಿಂಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಹೀಟರ್‌ಗೆ ಹೋಗುವ ಹೋಸ್‌ಗಳ ನಡುವೆ ಎರಡು ಪ್ಲಾಸ್ಟಿಕ್ ಟಿ-ಜೋಡಣೆ ಇವೆ. ಸಣ್ಣ, ಅಗ್ಗದ ಸಾಮಾನು. ಹಳೆಯದಾದರೆ ಒಣಗಿದ ಕಡ್ಡಿ ಥರ ಮುರಿಯುತ್ತದೆ, ಕೂಲೆಂಟ್ ಪೂರ್ತಿ ಸುರಿದುಹೋಗುತ್ತದೆ. ಅಷ್ಟು ಗಟ್ಟಿ ಇಂಜಿನ್‌ನ ತಲೆ ಇಷ್ಟು ಸಣ್ಣ ತುಂಡಿನಿಂದ ಸುಟ್ಟಿರುವುದನ್ನು ಕಣ್ಣಾರೆ ನೋಡಿದ್ದೇನೆ.

ಒಂದು ಪ್ರಶ್ನೆ. ನೀವು ಹೋದಾಗ ಇಂಜಿನ್ ತಣ್ಣಗಿತ್ತಾ?

ನೀಲಿಹೊಗೆ

ಬೇಡ. ನನ್ನ ಮಾತು ಕಹಿ ಅನ್ನಿಸಬಹುದು, ಆದರೂ ಹೇಳುತ್ತೇನೆ.

ನಾನೂ ಹೀಗೇ ಹೆಸರು ನೋಡಿ, ಹೊಳಪು ನೋಡಿ ಒಂದು ದೊಡ್ಡ ಆಫ್‌ರೋಡ್ ಗಾಡಿ ಕೊಂಡೆ. 2.8 ಲಕ್ಷ ಓಡಿತ್ತು. ಕೈಲಿದ್ದ ದುಡ್ಡೆಲ್ಲ ಗಾಡಿಗೇ ಕೊಟ್ಟೆ. ಮೂರನೇ ತಿಂಗಳಿಗೆ ಗೇರ್‌ಬಾಕ್ಸ್ ಜಾರತೊಡಗಿತು. ಆರನೇ ತಿಂಗಳಿಗೆ ಮುಂದಿನ ಡಿಫರೆನ್ಶಿಯಲ್ (ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಯಿತು. ಬಿಚ್ಚಿದರೆ ಒಳಗೆ ಆಯಿಲ್ ಬಿಳಿಚಿ ನೊರೆಗಟ್ಟಿತ್ತು, ನೀರು ಹೊಕ್ಕು ಎಷ್ಟು ಕಾಲ ಆಗಿತ್ತೋ. ರಿಪೇರಿಗೆ ದುಡ್ಡಿಲ್ಲದೆ ಗಾಡಿ ಎಂಟು ತಿಂಗಳು ಟಾರ್ಪಾಲು ಹೊದ್ದು ನಿಂತಿತ್ತು. ಕೊನೆಗೆ ಅರ್ಧ ಬೆಲೆಗೆ ಕೊಟ್ಟೆ.

ಆ ಎಂಟು ತಿಂಗಳು ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡು ಕೆಲಸಕ್ಕೆ ಹೋಗುವ ಸಂಕಟ ಇನ್ನೊಬ್ಬರಿಗೆ ಬೇಡ.

ಸುತ್ತಿಗೆಸದ್ದು

ನಾನು ಚಾಸಿ (ಬಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ಮತ್ತು ವೆಲ್ಡಿಂಗ್ ಕೆಲಸ ಮಾಡುವವನು. ಎಲ್ಲರೂ ಇಂಜಿನ್ ಬಗ್ಗೆ ಮಾತಾಡುತ್ತೀರಿ. ಇಂಜಿನ್ ಹೋದರೆ ಇನ್ನೊಂದು ಕೂರಿಸಬಹುದು. ಗೇರ್‌ಬಾಕ್ಸ್ ಹೋದರೆ ಅದನ್ನೂ ಬದಲಿಸಬಹುದು. ಚಾಸಿ ಹೋದರೆ ಗಾಡಿಯೇ ಹೋಯಿತು.

ಇಂಥ ಗಾಡಿಗಳ ಚಾಸಿ ಡಬ್ಬಿಯಂತೆ ಒಳಗೆ ಟೊಳ್ಳು. ಕೆಸರಿನಲ್ಲಿ ಓಡಿದಾಗ ಮಣ್ಣು ತೂತುಗಳಿಂದ ಒಳಗೆ ಸೇರುತ್ತದೆ. ಹೊರಗೆ ತೊಳೆದರೆ ಥಳಥಳ, ಒಳಗೆ ಒದ್ದೆ ಮಣ್ಣು ಹಾಗೇ ಕೂತಿರುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಒಂದು ಗುಳ್ಳೆ ಕಂಡಿತು ಅಂದರೆ ಒಳಗೆ ಕಥೆ ಮುಗಿಯುತ್ತಾ ಬಂದಿದೆ ಅಂತ. ಸಮುದ್ರದ ದಂಡೆಯಲ್ಲಿ ಓಡಿಸಿದ್ದರೆ, ಚಳಿಗಾಲದಲ್ಲಿ ಹಿಮ ಕರಗಲು ಉಪ್ಪು ಸುರಿಯುವ ರಸ್ತೆಯಲ್ಲಿ ಓಡಿದ್ದರೆ ಇನ್ನೂ ಬೇಗ.

ನೋಡುವ ರೀತಿ ಹೇಳುತ್ತೇನೆ. ಗಾಡಿ ಲಿಫ್ಟ್ ಮೇಲೆ ಏರಬೇಕು. ನೆಲದಲ್ಲಿ ಮಲಗಿ ನೋಡಿದರೆ ಆಗದು. ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ಕಬ್ಬಿಣ ಟಣ್ ಅನ್ನುತ್ತದೆ. ತುಕ್ಕು ತಿಂದದ್ದು ದೊಪ್ ಅನ್ನುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಸ್ಟೆಪ್ನಿ ನೇತಾಡುವ ಅಡ್ಡಪಟ್ಟಿ, ಸ್ಪ್ರಿಂಗ್ ಕೂರುವ ಬಟ್ಟಲು, ಇಲ್ಲಿ ತಾಳ್ಮೆಯಿಂದ ನೋಡಿ. ಸಣ್ಣ ಕ್ಯಾಮೆರಾ ಇದ್ದರೆ ನೀರು ಬಸಿಯುವ ತೂತಿನಿಂದ ಒಳಗೆ ಬಿಡಿ.

ಅಡಿಯಲ್ಲಿ ಹೊಚ್ಚಹೊಸ ಕಪ್ಪು ಬಣ್ಣ ಬಳಿದಿದ್ದರೆ ಖುಷಿಪಡಬೇಡಿ. ಮಾರುವ ಮುಂಚೆ ಯಾಕೆ ಬಳಿದರು ಅಂತ ಕೇಳಿ.

ಮಣ್ಣುದಾರಿ

ಹಳೇಗೇರು ಅಣ್ಣ, ನಿಮ್ಮ ಪ್ರಶ್ನೆ ಓದಿದ ಮೇಲೆ ನೆನಪಾಯಿತು. ನಾನು ಹೋದಾಗ ಬಾನೆಟ್ ಬೆಚ್ಚಗಿತ್ತು. "ಈಗ ತಾನೇ ತೊಳೆಸಿಕೊಂಡು ಬಂದೆ" ಅಂದರು. ನಾನು ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆ.

ಬೆಲ್ಟ್ ಬಗ್ಗೆ ಕೇಳಿದೆ. ಹಿಂದಿನ ಓನರ್ ಮಾಡಿಸಿದ್ದಾರಂತೆ, ಬಿಲ್ ಹುಡುಕುತ್ತಾರಂತೆ.

ಸುತ್ತಿಗೆಸದ್ದು ಅವರೇ, ಅಡಿಭಾಗ ಕಪ್ಪಗೆ, ನೀಟಾಗಿದೆ. ಇನ್ನೊಮ್ಮೆ ನೋಡುತ್ತೇನೆ.

ನೀಲಿಹೊಗೆ ಅವರೇ, ಕಹಿ ಅಲ್ಲ. ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ, ಆದರೂ ಹೇಳಿದ್ದಕ್ಕೆ ಥ್ಯಾಂಕ್ಸ್.

ಹಳೇಗೇರು

ಬೆಚ್ಚಗಿದ್ದ ಇಂಜಿನ್ ಅರ್ಧ ಸತ್ಯ ಮುಚ್ಚಿಡುತ್ತದೆ. ರಾತ್ರಿಯಿಡೀ ನಿಂತಿರಬೇಕು, ಬೆಳಿಗ್ಗೆ ನೀವೇ ಮೊದಲು ಕೀ ತಿರುಗಿಸಬೇಕು. ಮೊದಲ ಒಂದೆರಡು ನಿಮಿಷ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್‌ನಿಂದ ಹೊಗೆ ಹೊರತರುವ ಕೊಳವೆ) ಬಿರುಕು ಬಿಟ್ಟಿರಬಹುದು. ಈ ಇಂಜಿನ್‌ಗೆ ಅದು ಹಳೇ ಕಾಯಿಲೆ. ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಕಡೆ ಅನುಮಾನ. ಬಿಸಿಯಾದ ಮೇಲೂ ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಉರಿಯುತ್ತಿದೆ ಅಂತ, ಅಲ್ಲಿಂದ ಎದ್ದು ಬನ್ನಿ.

ಪೆಡಲ್ ಒತ್ತಿದ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಕೂಡ ನೋಡಿ. ಇದರಲ್ಲಿ ಎಲೆಕ್ಟ್ರಿಕ್ ಪಂಪ್ ಇದೆ. ಕೀ ಆಫ್ ಮಾಡಿ ಪೆಡಲನ್ನು ನಲವತ್ತು ಸಲ ಒತ್ತಿ. ಆಮೇಲೆ ಕೀ ಆನ್ ಮಾಡಿ ಪಂಪ್ ಸದ್ದು ಕೇಳಿಸಿಕೊಳ್ಳಿ. ಅರ್ಧ ನಿಮಿಷದ ಆಸುಪಾಸಿನಲ್ಲಿ ನಿಲ್ಲಬೇಕು. ನಿಲ್ಲದೆ ಎಳೆಯುತ್ತಾ ಹೋದರೆ ಪಂಪ್ ಸೋತಿದೆ. ಆ ಭಾಗ ಬಹಳ ದುಬಾರಿ, ಅದೂ ಬ್ರೇಕ್ ವಿಷಯ. ಎರಡೂವರೆ ಟನ್ ಹತ್ತಿರದ ಗಾಡಿ ಇಳಿಜಾರಿನಲ್ಲಿ ನಿಲ್ಲಲೇಬೇಕಲ್ವಾ.

ತೈಲಹನಿ

ನಾನು ಆಯಿಲ್ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮಣ್ಣುದಾರಿ ಅವರೇ, ಇಷ್ಟು ದುಡ್ಡು ಹಾಕುವ ಮುಂಚೆ ಇಂಜಿನ್ ಆಯಿಲ್ ಒಂದು ಸಣ್ಣ ಬಾಟಲಿ ತೆಗೆದು ಪರೀಕ್ಷೆ ಮಾಡಿಸಿ. ಗಾಡಿಯ ಬೆಲೆ ಮುಂದೆ ಆ ಖರ್ಚು ಏನೂ ಅಲ್ಲ.

ಸೀಸ, ತಾಮ್ರ ಜಾಸ್ತಿ ಇದ್ದರೆ ಬೇರಿಂಗ್ ಸವೆಯುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇದ್ದರೆ ಕೂಲೆಂಟ್ ಎಲ್ಲೋ ಒಳಗೆ ಸೇರುತ್ತಿದೆ. ಆಫ್‌ರೋಡ್ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಸಿಲಿಕಾನ್. ಸಿಲಿಕಾನ್ ಅಂದರೆ ಹೆಚ್ಚಾಗಿ ಧೂಳು. ಏರ್ ಫಿಲ್ಟರ್ ಸರಿಯಾಗಿ ಕೂರದೆ, ಅಥವಾ ಸ್ನಾರ್ಕೆಲ್ (ಎತ್ತರದಿಂದ ಇಂಜಿನ್‌ಗೆ ಗಾಳಿ ತರುವ ಕೊಳವೆ) ಜೋಡಣೆಯಲ್ಲಿ ಸಂದಿ ಇದ್ದು ಇಂಜಿನ್ ಧೂಳು ಕುಡಿದಿದೆ ಅಂತ. ಅದರ ಜೊತೆ ಕಬ್ಬಿಣವೂ ಏರಿದ್ದರೆ ಸಿಲಿಂಡರ್ ಗೋಡೆ, ರಿಂಗು ಉಜ್ಜಿಹೋಗಿವೆ. ಗ್ಯಾಸ್ಕೆಟ್ ಅಂಟಿನಿಂದಲೂ ಸಿಲಿಕಾನ್ ಬರುತ್ತದೆ, ಹಾಗಾಗಿ ಒಂದೇ ಅಂಕಿ ನೋಡಿ ತೀರ್ಮಾನ ಮಾಡಬಾರದು.

ಒಂದು ಎಚ್ಚರಿಕೆ. ಮಾರುವವರು ಮೊನ್ನೆ ಮೊನ್ನೆ ಆಯಿಲ್ ಬದಲಿಸಿದ್ದರೆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ. ಕೆಲವು ಸಾವಿರ ಕಿ.ಮೀ. ಓಡಿದ ಆಯಿಲ್ ಬೇಕು.

ಇನ್ನೊಂದು ಲೆಕ್ಕ ನಿಮಗೆ ಹೊಳೆದಿದೆಯೋ ಇಲ್ಲವೋ. ಈ ಗಾಡಿ 275/70 ಆರ್16 ಟೈರಿನ ಜೊತೆ ಬಂದಿದ್ದರೆ ಅದರ ವ್ಯಾಸ ಸುಮಾರು 791 ಮಿ.ಮೀ. ಈಗ ಇರುವ 285/75 ಆರ್16ರದು ಸುಮಾರು 834. ಚಕ್ರ ದೊಡ್ಡದಾದರೆ ಮೀಟರ್ ಕಡಿಮೆ ಎಣಿಸುತ್ತದೆ. ವ್ಯತ್ಯಾಸ ಶೇ. 5ಕ್ಕಿಂತ ಸ್ವಲ್ಪ ಜಾಸ್ತಿ. ಈ ಟೈರ್ ಸೈಜಿನಲ್ಲಿ ಮೀಟರ್ ಒಂದು ಲಕ್ಷ ತೋರಿಸಿದ್ದರೆ ಗಾಡಿ ನಿಜವಾಗಿ ಅದಕ್ಕಿಂತ ಐದು ಸಾವಿರ ಕಿ.ಮೀ.ಗೂ ಜಾಸ್ತಿ ಓಡಿದೆ. ದೊಡ್ಡ ಮೋಸ ಏನಲ್ಲ. ಆದರೆ ದೊಡ್ಡ ಚಕ್ರ ತಿರುಗಿಸಲು ಗೇರ್‌ಬಾಕ್ಸ್‌ಗೆ, ನಿಲ್ಲಿಸಲು ಬ್ರೇಕ್‌ಗೆ ಅಷ್ಟೂ ದಿನ ಜಾಸ್ತಿ ಶ್ರಮ ಆಗಿದೆ.

ದೂರದಾರಿ

ಎಲ್ಲರೂ ಹೆದರಿಸುತ್ತಿದ್ದೀರಿ ಅನ್ನಿಸುತ್ತಿದೆ. ಇದೇ 4.7 ವಿ8 ಇದ್ದ 2007ರ ಟೊಯೋಟಾ ಟಂಡ್ರಾ ಅಮೆರಿಕದಲ್ಲಿ ಹತ್ತು ಲಕ್ಷ ಮೈಲಿ ಓಡಿತು. ಕಿಲೋಮೀಟರ್‌ನಲ್ಲಿ ಹದಿನಾರು ಲಕ್ಷ. 2016ರಲ್ಲಿ ಟೊಯೋಟಾದವರೇ ಅದನ್ನು ವಾಪಸ್ ಪಡೆದು ಬಿಚ್ಚಿ ನೋಡಲು ಇಟ್ಟುಕೊಂಡರು. ಅದರ ಮುಂದೆ ಮೂರು ಲಕ್ಷ ಏನು?

ಹಳೇಗೇರು

ದೂರದಾರಿ, ಅದು ನಿಜ. ಆದರೆ ಆ ಟಂಡ್ರಾ ಓಡಿದ್ದು ಹೆಚ್ಚಾಗಿ ಹೆದ್ದಾರಿಯಲ್ಲಿ, ಒಬ್ಬನೇ ಓನರ್ ಕೈಯಲ್ಲಿ, ತಪ್ಪದ ಸರ್ವಿಸ್ ಜೊತೆ. ಬೆಳಿಗ್ಗೆ ಬಿಸಿಯಾದ ಇಂಜಿನ್ ಸಂಜೆವರೆಗೂ ಒಂದೇ ವೇಗದಲ್ಲಿ ತಿರುಗಿದರೆ ಅದಕ್ಕೆ ಆಯಾಸವೇ ಇಲ್ಲ. ಲೋ ಗೇರ್‌ನಲ್ಲಿ (ವೇಗ ಕಡಿಮೆ, ಬಲ ಜಾಸ್ತಿ ಕೊಡುವ ಗೇರ್) ಕಲ್ಲು ಹತ್ತುವ ಒಂದು ಗಂಟೆಯಲ್ಲಿ ಮೀಟರ್ ಐದು ಕಿ.ಮೀ. ತೋರಿಸುತ್ತದೆ. ಇಂಜಿನ್, ಗೇರ್‌ಬಾಕ್ಸ್ ದುಡಿದದ್ದು ಮಾತ್ರ ಪೂರ್ತಿ ಒಂದು ಗಂಟೆ. ಹಾಗಾಗಿ ಎತ್ತರಿಸಿ ವಿಂಚ್ ಹಾಕಿದ ಮೂರು ಲಕ್ಷದ ಗಾಡಿಗಿಂತ, ಏನೂ ಮಾರ್ಪಾಡು ಮಾಡದ ನಾಲ್ಕು ಲಕ್ಷದ ಗಾಡಿ ನನಗೆ ಎಷ್ಟೋ ವಾಸಿ.

ನೀಲಿಹೊಗೆ

ದುಡ್ಡಿನ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಿಮ್ಮ ಹತ್ತಿರ ನೂರು ರೂಪಾಯಿ ಇದೆ ಅಂದುಕೊಂಡರೆ ಎಪ್ಪತ್ತೈದರ ಗಾಡಿ ನೋಡಿ. ಇಪ್ಪತ್ತೈದು ಮೊದಲ ವರ್ಷಕ್ಕೆ. ಬೆಲ್ಟ್, ಎಲ್ಲ ಆಯಿಲ್, ಹೋಸ್, ಬುಷ್, ಬ್ಯಾಟರಿ, ಟೈರ್. ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 3119 ಅಂದರೆ 2019ರ 31ನೇ ವಾರ. ಟೈರಿನ ಗೆರೆಗಳ ಆಳ ಚೆನ್ನಾಗಿದ್ದರೂ ಟೈರಿಗೆ ವಯಸ್ಸಾಗಿದ್ದರೆ ಅದನ್ನೂ ಖರ್ಚಿಗೆ ಸೇರಿಸಿ.

ಪೆಟ್ರೋಲ್ ಬೇರೆ. ನೂರು ಕಿ.ಮೀ.ಗೆ ಹದಿನಾರು, ಹದಿನೇಳು ಲೀಟರ್ ಅಂತ ಲೆಕ್ಕ ಇಡಿ. ದೊಡ್ಡ ಟೈರ್, ಮೇಲೆ ಕ್ಯಾರಿಯರ್, ಮುಂದೆ ವಿಂಚ್ ಇದ್ದರೆ ಇನ್ನೂ ಜಾಸ್ತಿ.

ಹೊಳೆದಂಡೆ

ನೀಲಿಹೊಗೆ ಅಣ್ಣನ ಲೆಕ್ಕ ಸರಿ, ಇನ್ನೊಂದು ಬದಿಯೂ ಇದೆ. ಹೊಸ ಗಾಡಿ ಶೋರೂಮಿನಿಂದ ಹೊರಬಂದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. 100 ಸರಣಿ ನಿಂತದ್ದು 2007ರಲ್ಲಿ. ಈಗ ಇರುವಷ್ಟೇ ಇವೆ, ಒಳ್ಳೆಯವು ಕಡಿಮೆಯಾಗುತ್ತಿವೆ. ಚೆನ್ನಾಗಿ ಇಟ್ಟುಕೊಂಡರೆ ನಾಲ್ಕು ವರ್ಷ ಬಿಟ್ಟು ಮಾರಿದಾಗಲೂ ಹಾಕಿದ ದುಡ್ಡಿನ ದೊಡ್ಡ ಪಾಲು ವಾಪಸ್ ಬರುತ್ತದೆ. ನಾನು ನನ್ನದನ್ನು ಹಾಗೇ ಮಾರಿದೆ. ಇವತ್ತಿಗೂ ಮಾರಬಾರದಿತ್ತು ಅನ್ನಿಸುತ್ತದೆ.

ಮತ್ತೆ, ಹೊಸ ಸಣ್ಣ ಎಸ್‌ಯುವಿ ಜೊತೆ ಹೋಲಿಸುವುದು ಸರಿಯಲ್ಲ. ಅದಕ್ಕೆ ಲೋ ಗೇರ್ ಇಲ್ಲ ಅಂದರೆ ನೀವು ಹೇಳಿದ ದಾರಿಗೆ ಅದು ಬರುವುದೇ ಇಲ್ಲ. ಹೋಲಿಸಬೇಕಾದ್ದು ಇನ್ನೊಂದು 100ರ ಜೊತೆ, ಇಲ್ಲವೇ ಪ್ರಾಡೊ, ಪಜೆರೊ ಥರದವುಗಳ ಜೊತೆ. ಕೈಲಿರುವ ದುಡ್ಡು ಕಡಿಮೆ ಅಂದರೆ ಜಿಮ್ನಿ ಕೂಡ ಅದೇ ದಾರಿಯಲ್ಲಿ ಹೋಗುತ್ತದೆ. ಜಾಗ ಕಡಿಮೆ, ಖರ್ಚೂ ಕಡಿಮೆ.

ಮಣ್ಣುದಾರಿ

ಇವತ್ತು ಮತ್ತೆ ಹೋಗಿ ಬಂದೆ. ಬೆಳಿಗ್ಗೆ ಆರೂವರೆಗೆ. ಜೊತೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಎಲ್ಲವನ್ನೂ ಬರೆಯುತ್ತೇನೆ.

ಸ್ಟಾರ್ಟ್: ಒಂದೇ ಸಲಕ್ಕೆ ಆಯಿತು. ಹೊಗೆ ಇಲ್ಲ. ಎಡಗಡೆ ಟಿಕ್ ಟಿಕ್ ಇತ್ತು, ಮೂರು ನಿಮಿಷಕ್ಕೆ ನಿಂತಿತು. ಮ್ಯಾನಿಫೋಲ್ಡ್ ಅಂತಲೇ ಮೆಕ್ಯಾನಿಕ್ ಹೇಳಿದರು. ಅವರ ಪ್ರಕಾರ ಅದರಿಂದ ಗಾಡಿ ಬಿಡಬೇಕಾಗಿಲ್ಲ, ಬೆಲೆ ಇಳಿಸಬೇಕು.

ಬ್ರೇಕ್ ಪಂಪ್ 34 ಸೆಕೆಂಡಿಗೆ ನಿಂತಿತು. ಹೀಟರ್ ಟಿ-ಜೋಡಣೆ ಹಳೆಯವೇ, ಕಂದುಬಣ್ಣಕ್ಕೆ ತಿರುಗಿವೆ. ಗೇರ್‌ಬಾಕ್ಸ್ ಆಯಿಲ್ ಕಪ್ಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಲೋ ಗೇರ್ ಬಿತ್ತು. ಸೆಂಟರ್ ಡಿಫ್ ಲಾಕ್ (ಮುಂದಿನ, ಹಿಂದಿನ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಮಾಡುವ ಬೀಗ) ದೀಪ ಸ್ವಲ್ಪ ದೂರ ಓಡಿಸಿದ ಮೇಲೆ ಹತ್ತಿತು.

ಬೆಲ್ಟ್: 1,48,000ದಲ್ಲಿ ಒಮ್ಮೆ ಆದದ್ದಕ್ಕೆ ಇಂಜಿನ್ ಕವರ್ ಮೇಲೆ ಚೀಟಿ ಇದೆ. ಎರಡನೆಯದಕ್ಕೆ ಬಿಲ್ ಸಿಗಲಿಲ್ಲ. ಅಂದರೆ ಆಗಿಲ್ಲ.

ಆಯಿಲ್ ಪರೀಕ್ಷೆಗೆ ಕೇಳಿದೆ. "ಹೋದ ವಾರ ತಾನೇ ಹೊಸ ಆಯಿಲ್ ಹಾಕಿಸಿದೆ" ಅಂದರು. ತೈಲಹನಿ ಮೇಡಂ, ನೀವು ಹೇಳಿದ ಮಾತು ನೆನಪಾಯಿತು.

ಹಿಂದಿನ ಕಾರ್ಪೆಟ್ ಎತ್ತಿದಾಗ ಸೀಟಿನ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು, ಸಂದಿಯಲ್ಲಿ ಒಣಗಿದ ನುಣ್ಣನೆಯ ಮಣ್ಣು. ಹೊಳೆ ದಾಟುವಾಗ ನೀರು ಒಳಗೆ ಬಂದಿದೆ.

ಇನ್ನು ಚಾಸಿ. ಲಿಫ್ಟ್ ಮೇಲೆ ಏರಿಸಲು ಮಾರುವವರಿಗೆ ಮನಸ್ಸಿರಲಿಲ್ಲ. ಬಹಳ ಕೇಳಿಕೊಂಡ ಮೇಲೆ ಒಪ್ಪಿದರು. ಮುಂದಿನಿಂದ ನಡುವಿನವರೆಗೆ ಟಣ್ ಟಣ್ ಅಂತಲೇ ಬಂತು. ನನಗೆ ಜೀವ ಬಂದ ಹಾಗಾಯಿತು. ಬಲಗಡೆ ಹಿಂದಿನ ಆಕ್ಸಲ್ ಮೇಲೆ ತಟ್ಟಿದಾಗ ಸದ್ದು ಬದಲಾಯಿತು. ಇನ್ನೊಂದು ಸಲ ತಟ್ಟಿದರು. ಕಪ್ಪು ಬಣ್ಣದ ಚೂರು ಬಿತ್ತು, ಅದರ ಹಿಂದೆ ಹಾಳೆ ಹಾಳೆಯಾಗಿ ತುಕ್ಕು. ಸ್ಕ್ರೂಡ್ರೈವರ್ ತುದಿ ಒಳಗೆ ಹೋಯಿತು.

ಮಾರುವವರ ಮುಖ ನೋಡಿದೆ. ಅವರಿಗೂ ಗೊತ್ತಿರಲಿಲ್ಲ ಅನ್ನಿಸಿತು. ಬಣ್ಣ ಅವರಿಗಿಂತ ಹಿಂದಿನವರು ಬಳಿಸಿದ್ದೂ ಇರಬಹುದು.

ಬೆಲೆಯಲ್ಲಿ ಐದನೇ ಒಂದು ಭಾಗ ಇಳಿಸುತ್ತೇನೆ ಅಂದಿದ್ದಾರೆ. ಏನು ಮಾಡಲಿ?

ದೂರದಾರಿ

ಐದನೇ ಒಂದು ಭಾಗ ಒಳ್ಳೆಯ ಇಳಿತ. ತಗಡು ಕೂರಿಸಿ ವೆಲ್ಡ್ ಮಾಡಿಸಿ, ಬೆಲ್ಟ್ ಹಾಕಿಸಿ. ಇಂಜಿನ್ ಚೆನ್ನಾಗಿದೆಯಲ್ಲ. ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಸುತ್ತಿಗೆಸದ್ದು

ನನಗೆ ಕೆಲಸ ಸಿಗುವ ಮಾತು ಇದು, ಆದರೂ ಬೇಡ ಅನ್ನುತ್ತೇನೆ.

ತೂತಿನ ಮೇಲೆ ತಗಡು ಅಂಟಿಸಿದರೆ ವೆಲ್ಡ್ ನಿಲ್ಲಬೇಕಾದ್ದು ಸುತ್ತಲಿನ ಕಬ್ಬಿಣದ ಮೇಲೆ. ಸುತ್ತಲಿನದು ಒಳಗಿನಿಂದ ತೆಳುವಾಗಿರುತ್ತದೆ. ಕಣ್ಣಿಗೆ ಕಾಣುವ ತೂತು ಹೆಬ್ಬೆರಳಷ್ಟು ಇದ್ದರೆ ಕತ್ತರಿಸಿ ತೆಗೆಯಬೇಕಾದ್ದು ಮೊಳದುದ್ದ ಇರುತ್ತದೆ. ಸರಿಯಾಗಿ ಮಾಡುವುದಾದರೆ ಬಾಡಿ ಎತ್ತಿ, ಆ ಭಾಗ ಪೂರ್ತಿ ಕತ್ತರಿಸಿ, ಅಳತೆಗೆ ಹೊಸದು ಕೂರಿಸಬೇಕು. ಅಳತೆ ಸ್ವಲ್ಪ ತಪ್ಪಿದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಆಕ್ಸಲ್‌ನ ತೂಕವೆಲ್ಲ ಬೀಳುವ ಜಾಗ ಅದು. ನೀವು ಕಲ್ಲುದಾರಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವವರು. ಬಲಗಡೆ ಹೀಗಿದ್ದರೆ ಎಡಗಡೆಯೂ ತುಂಬಾ ಹಿಂದೆ ಇರುವುದಿಲ್ಲ.

ಕೆಲವು ಕಡೆ ವೆಲ್ಡ್ ಮಾಡಿದ ಚಾಸಿ ತಪಾಸಣೆಯಲ್ಲಿ ಪಾಸಾಗುವುದೂ ಕಷ್ಟ. ಅದನ್ನೂ ನೋಡಿಕೊಳ್ಳಿ.

ತೈಲಹನಿ

ಇಂಜಿನ್ ಚೆನ್ನಾಗಿದೆ ಅನ್ನುವುದಕ್ಕೂ ಆಧಾರ ಇಲ್ಲ. ಪರೀಕ್ಷೆ ಆಗಲೇ ಇಲ್ಲವಲ್ಲ.

ಮಣ್ಣುದಾರಿ

ಬಿಟ್ಟೆ. ನಿನ್ನೆ ಸಂಜೆ ಫೋನ್ ಮಾಡಿ ಹೇಳಿದೆ. ಬೇಜಾರಾಗಿದೆ, ಸುಳ್ಳು ಹೇಳಲ್ಲ.

ಹಾಳೆ ತೆಗೆದುಕೊಂಡು ಕೂತು ಬರೆದೆ. ಬೆಲ್ಟ್, ಮ್ಯಾನಿಫೋಲ್ಡ್, ಎಲ್ಲ ಆಯಿಲ್, ಹೋಸ್, ಟೈರ್. ಇಷ್ಟಕ್ಕೇ ಅವರು ಇಳಿಸಿದ ದುಡ್ಡು ಮುಗಿಯುತ್ತದೆ. ಚಾಸಿಗೆ ಏನೂ ಉಳಿಯಲ್ಲ. ಉಳಿದೆಲ್ಲ ಚೆನ್ನಾಗಿದ್ದು ಚಾಸಿ ಗಟ್ಟಿ ಇದ್ದಿದ್ದರೆ ಪೂರ್ತಿ ಬೆಲೆ ಕೊಟ್ಟೇ ತರುತ್ತಿದ್ದೆ. ಕಿಲೋಮೀಟರ್ ನಾಲ್ಕು ಲಕ್ಷ ಇದ್ದರೂ ತರುತ್ತಿದ್ದೆ.

ಹಳೇಗೇರು ಅಣ್ಣ, ನೀವು ಹೇಳಿದ ಹಾಗೆ ಏನೂ ಮಾರ್ಪಾಡು ಮಾಡದ ಗಾಡಿ ಹುಡುಕುತ್ತೇನೆ. ಎಷ್ಟು ತಿಂಗಳಾದರೂ ಸರಿ.

ಹೊಳೆದಂಡೆ

ಒಳ್ಳೆಯ ಗಾಡಿ ಕಣ್ಣಿಗೆ ಬಿದ್ದರೆ ಖಂಡಿತ ತಿಳಿಸುತ್ತೇನೆ. ನಿಮಗೆ ಏನು ಬೇಕು ಅಂತ ಈಗ ನನಗೂ ಗೊತ್ತು.

ಹೊಸಚಕ್ರ

ನಮಸ್ಕಾರ, ಇಲ್ಲಿಗೆ ಹೊಸಬಳು. ಇದೇ ಗಾಡಿಯ ಜಾಹೀರಾತು ಇರಬೇಕು, 2004, ವಿಂಚ್, 3.2 ಲಕ್ಷ. ನಾನು ಶನಿವಾರ ನೋಡಲು ಹೋಗುತ್ತಿದ್ದೇನೆ. ಮುಂಗಡ ಕೊಡಿ ಅನ್ನುತ್ತಿದ್ದಾರೆ. ಮಣ್ಣುದಾರಿ ಅಣ್ಣ, ತುಕ್ಕು ಇರುವ ಜಾಗ ಸರಿಯಾಗಿ ಎಲ್ಲಿ ಅಂತ ಹೇಳುತ್ತೀರಾ?

ಮಣ್ಣುದಾರಿ

ಮುಂಗಡ ಕೊಡಬೇಡಿ ತಂಗಿ, ಮೊದಲು ನೋಡಿ. ಬಲಗಡೆ ಹಿಂದಿನ ಚಕ್ರದ ಒಳಮಗ್ಗುಲಲ್ಲಿ ಸ್ಪ್ರಿಂಗ್ ಕಾಣುತ್ತದೆ. ಅದರ ಮೇಲ್ಗಡೆ ಬಟ್ಟಲಿನಿಂದ ಒಂದು ಗೇಣು ಹಿಂದೆ, ಚಾಸಿ ಕೆಳಕ್ಕೆ ಬಾಗುವ ಜಾಗ. ಒಳಮುಖಕ್ಕಿದೆ, ಹೊರಗಿನಿಂದ ಕಾಣುವುದಿಲ್ಲ. ಚಕ್ರ ಬಿಚ್ಚಿಸಿ ಟಾರ್ಚ್ ಬಿಡಿ. ನಾವು ಉದುರಿಸಿದ ಜಾಗದಲ್ಲಿ ಮತ್ತೆ ಕಪ್ಪು ಬಳಿದಿದ್ದರೆ ಕೈಯಿಂದ ಮುಟ್ಟಿ ನೋಡಿ, ಗುಳಿ ಸಿಗುತ್ತದೆ. ಎಡಗಡೆ ನಾವು ಪೂರ್ತಿ ನೋಡಲಿಲ್ಲ, ಅಲ್ಲೂ ತಟ್ಟಿಸಿ. ಬೇಕಿದ್ದರೆ ಆ ಮೆಕ್ಯಾನಿಕ್‌ನ ಕೇಳುತ್ತೇನೆ, ಶನಿವಾರ ಬಿಡುವಿದ್ದರೆ ನಿಮ್ಮ ಜೊತೆ ಬರುತ್ತಾರೆ.